ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಕೆಲಸಕ್ಕೆ ಅಂತ ನಾವು ಕಳೆದುಕೊಂಡ 45,000

ಕಲಬುರಗಿ ಕಡೆ ಎಂಎಸ್ಸಿ ಮುಗಿಸಿ ಕೆಲಸ ಹುಡುಕುತ್ತಿರುವವರು, ಅವರ ಮನೆಯವರು ದಯವಿಟ್ಟು ಇದನ್ನು ಓದಿ. ನನ್ನ ತಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಊರಲ್ಲಿ ಕೆಲಸ ಕೊಡಿಸುವ ಒಂದು ಸಣ್ಣ ಆಫೀಸು. "ಯುನಿವರ್ಸಿಟಿ ಪ್ರಾಜೆಕ್ಟಲ್ಲಿ ರಿಸರ್ಚ್ ಕೆಲಸ ಇದೆ, ತಿಂಗಳಿಗೆ 37,000, ಒಳಗೆ ನಮ್ಮವರಿದ್ದಾರೆ" ಅಂದರು. ಆ 37,000 ಕೇಳಿಯೇ ನಾವು ನಂಬಿದ್ದು. 2023ರಿಂದ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರಿಗೆ ಕೊಡುವ ಫೆಲೋಶಿಪ್ ಅಷ್ಟೇ ಇದೆ ಅಂತ ತಮ್ಮನಿಗೂ ಗೊತ್ತಿತ್ತು. ನಿಜವಾದ ಅಂಕಿ ಇಟ್ಟುಕೊಂಡೇ ಸುಳ್ಳು ಹೇಳಿದ್ದರು. ಆದರೆ ಅದಕ್ಕೆ ಕೇಳುವ ನೆಟ್ ಪರೀಕ್ಷೆ ತಮ್ಮನಿಗೆ ಆಗಿರಲಿಲ್ಲ, ಗೇಟ್ ಪರೀಕ್ಷೆ ಕೂಡ ಇಲ್ಲ. "ಅದೆಲ್ಲ ನಾವು ನೋಡ್ಕೋತೀವಿ ತಮ್ಮಾ, ನಿಮಗೆ 371ಜೆ ಇದೆಯಲ್ಲ" ಅಂದರಂತೆ. 371ಜೆ ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ. ಅಲ್ಲೇ ಎದ್ದು ಬರಬೇಕಿತ್ತು.

ಅಪ್ಪ ಗಂಜ್‌ನಲ್ಲಿ ತೊಗರಿ ಮಾರಿದ ದುಡ್ಡು ಮನೆಯಲ್ಲಿತ್ತು. ಅದರಲ್ಲೇ ಎರಡು ಸಲ ಫೋನ್‌ಪೇ ಮಾಡಿದೆವು, ಅದೂ ಒಬ್ಬ ವ್ಯಕ್ತಿಯ ಖಾತೆಗೆ. ಮೂಲ ಅಂಕಪಟ್ಟಿಗಳನ್ನೂ ಕೊಟ್ಟು ಬಂದೆವು. ವಾರದಲ್ಲಿ ಸೀಲು, ಸಹಿ ಇದ್ದ ಆರ್ಡರ್ ಬಂತು. ಅಮ್ಮ ಓಣಿಯವರಿಗೆಲ್ಲ ಪೇಢೆ ಹಂಚಿದರು.

ಸೇರುವ ದಿನ ನಾನೂ ತಮ್ಮನ ಜೊತೆ ಹೋಗಿದ್ದೆ. ವಿಭಾಗದಲ್ಲಿ ಹಿರಿಯ ಮೇಷ್ಟ್ರು ಒಬ್ಬರು ಕಾಗದ ನೋಡಿ, "ಯಾವ ಪ್ರಾಜೆಕ್ಟಮ್ಮಾ ಇದು? ಪಿಐ ಯಾರು?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ ಕೂರಿಸಿ ಹೇಳಿದರು. ಪ್ರಾಜೆಕ್ಟ್ ಕೆಲಸ ಅಂದರೆ ಅದನ್ನು ನಡೆಸುವ ಒಬ್ಬ ಮೇಷ್ಟ್ರು ಇರಲೇಬೇಕು, ಅವರೇ ಪಿಐ. ದುಡ್ಡು ಕೊಡುವ ಸಂಸ್ಥೆ ಇರಬೇಕು, ಡಿಎಸ್‌ಟಿಯೋ ಐಸಿಎಸ್‌ಎಸ್‌ಆರೋ ಇನ್ನೊಂದೋ. ಎಷ್ಟು ತಿಂಗಳ ಕೆಲಸ ಅಂತ ಇರಬೇಕು. ಪ್ರಕಟಣೆ ವಿಶ್ವವಿದ್ಯಾಲಯದ ಸ್ವಂತ ವೆಬ್‌ಸೈಟಿನಲ್ಲಿ ಇರಬೇಕು. ನಮ್ಮ ಆರ್ಡರಿನಲ್ಲಿ ಇದ್ಯಾವುದೂ ಇರಲಿಲ್ಲ. ಯಾರಾದರೂ ರಿಸರ್ಚ್ ಕೆಲಸ ಇದೆ ಅಂದರೆ ಮೊದಲು ಪಿಐ ಹೆಸರು ಕೇಳಿ, ಆಮೇಲೆ ಆ ವಿಭಾಗಕ್ಕೇ ಹೋಗಿ ವಿಚಾರಿಸಿ.

ಆಫೀಸ್ ಕೆಲಸಕ್ಕೂ ಇದೇ ಆಟ ಇದೆ. ತಮ್ಮನ ಗೆಳೆಯನಿಗೆ ಒಂದು ಕೇಂದ್ರೀಯ ವಿಶ್ವವಿದ್ಯಾಲಯದ ಎಲ್‌ಡಿಸಿ, ಅಂದರೆ ಗುಮಾಸ್ತನ ಕೆಲಸಕ್ಕೆ "ಇಂಟರ್‌ವ್ಯೂನಲ್ಲಿ ಪಾಸ್ ಮಾಡಿಸ್ತೀವಿ" ಅಂದಿದ್ದರು. ಕೇಂದ್ರದ ಇಂಥ ಗ್ರೂಪ್ ಸಿ ಹುದ್ದೆಗಳಿಗೆ 2016ರಿಂದ ಇಂಟರ್‌ವ್ಯೂ ಅನ್ನೋದೇ ಇಲ್ಲ. ಪರೀಕ್ಷೆ ಬರೆಯಬೇಕು, ಟೈಪಿಂಗ್ ತೋರಿಸಬೇಕು, ಅಷ್ಟೇ. ಇನ್ನು 371ಜೆ ಮೀಸಲಾತಿ ರಾಜ್ಯ ಸರ್ಕಾರದ ನೇಮಕಾತಿಗೆ ಸಂಬಂಧಪಟ್ಟದ್ದು. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅದರ ಹೆಸರು ಹೇಳಿದರೆ ಸುಳ್ಳು ಅಂತಲೇ ತಿಳಿಯಿರಿ.

ನಮ್ಮದು ಇನ್ನೊಂದು ತಪ್ಪಾಯಿತು. ಮರ್ಯಾದೆಗೆ ಅಂಜಿ ನಾಲ್ಕು ದಿನ ಸುಮ್ನೆ ಕೂತೆವು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿದ್ದರೆ ದುಡ್ಡು ಅವರ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಇತ್ತು ಅಂತ ಪೊಲೀಸರು ಹೇಳಿದರು. ನಾವು ಹೋಗುವಷ್ಟರಲ್ಲಿ ಖಾತೆ ಖಾಲಿ.

ಅಂಕಪಟ್ಟಿಗಳು ಮಾತ್ರ ಸಿಕ್ಕವು. ಮಾವ ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ಕೂತ ಮೇಲೆ, ಹದಿನೆಂಟು ದಿನಕ್ಕೆ. ಅಷ್ಟರಲ್ಲಿ ನಿಜವಾದ ಒಂದು ಪ್ರಾಜೆಕ್ಟ್ ಸಂದರ್ಶನ ಬಂದಿತ್ತು. ಮೂಲ ದಾಖಲೆ ಕೈಯಲ್ಲಿ ಇಲ್ಲದೆ ತಮ್ಮ ಅದಕ್ಕೆ ಹೋಗಲಿಲ್ಲ.