‘ಎಲ್ಲವೂ ಸೇರಿದೆ ಸಾರ್’: ಸ್ವಿಸ್ ರೈಲು ಪಾಸು ಕೊಳ್ಳುವವರಿಗೆ

ಗ್ರಿಂಡೆಲ್ವಾಲ್ಡ್ ಟರ್ಮಿನಲ್‌ನ ಟಿಕೆಟ್ ಕಿಟಕಿಯೊಳಗೆ ಮೂರು ಸ್ವಿಸ್ ಟ್ರಾವೆಲ್ ಪಾಸುಗಳನ್ನು ತೂರಿಸಿದೆ. ಒಳಗಿದ್ದ ಹೆಂಗಸು ಅವನ್ನು ನೋಡಿ, ಏನೋ ಲೆಕ್ಕ ಒತ್ತಿ, ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಹಿಮಬೆಟ್ಟದ ಮೇಲಿನ ಯುಂಗ್‌ಫ್ರಾಯೋಖ್ ರೈಲು ನಿಲ್ದಾಣಕ್ಕೆ ಹೋಗಿಬರಲು ನಾವು ಇನ್ನೂ ಕಟ್ಟಬೇಕಾದ ಮೊತ್ತ ಅದರಲ್ಲಿತ್ತು. ಹೆಂಡತಿ ಮೊಬೈಲಿನಲ್ಲಿ ಅದನ್ನು ರೂಪಾಯಿಗೆ ತಿರುಗಿಸಿ ನೋಡಿ, ಮೊಬೈಲನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡಳು. ಅಮ್ಮ ಮಾತ್ರ ಹೊರಗಿನ ಬೆಟ್ಟ ನೋಡುತ್ತ, “ಹಿಮ ಇಲ್ಲಿಂದಲೂ ಕಾಣುತ್ತದಲ್ಲ, ಬಿಡಪ್ಪ. ಹತ್ತಿರ ಹೋಗಿ ಮುಟ್ಟಿದರೆ ಬೆಲ್ಲವಾಗುತ್ತದೆಯೇ?” ಎಂದರು.

ಬೆಂಗಳೂರಿನ ಟ್ರಾವೆಲ್ ಏಜೆಂಟರು ನಮಗೆ ಎಂಟು ದಿನದ ಪಾಸು ಮಾರುವಾಗ ಹೇಳಿದ್ದು ಒಂದೇ ಮಾತು: “ರೈಲು, ಬಸ್ಸು, ದೋಣಿ, ಬೆಟ್ಟ ಎಲ್ಲವೂ ಸೇರಿದೆ ಸಾರ್, ಕಣ್ಣು ಮುಚ್ಚಿಕೊಂಡು ಹತ್ತಿ.” ನಾನೂ ಕಣ್ಣು ಮುಚ್ಚಿಕೊಂಡೇ ದುಡ್ಡು ಕಟ್ಟಿದೆ. ಅಸಲು ಸಂಗತಿ ಏನೆಂದರೆ, 3454 ಮೀಟರ್ ಎತ್ತರದ ಆ ನಿಲ್ದಾಣದ ಹಾದಿಯಲ್ಲಿ ಈ ಪಾಸು ನಡೆಯುವುದು ಗ್ರಿಂಡೆಲ್ವಾಲ್ಡ್ ಅಥವಾ ವೆಂಗೆನ್‌ವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಶೇಕಡಾ 25 ರಿಯಾಯಿತಿ, ಅಷ್ಟೇ. ಹೊಟ್ಟೆ ಉರಿಸಿದ್ದು ಬೇರೆ. ಪಾಸಿಗಿಂತ ಎಷ್ಟೋ ಅಗ್ಗದ ಹಾಫ್ ಫೇರ್ ಕಾರ್ಡ್ ಎಂಬುದೊಂದಿದೆ, ಒಂದು ತಿಂಗಳು ನಡೆಯುತ್ತದೆ. ಅದಿದ್ದರೆ ಇದೇ ಬೆಟ್ಟಕ್ಕೆ ಅರ್ಧ ದರ! ಆ ಹೆಸರನ್ನು ಏಜೆಂಟರು ಎತ್ತಿರಲೇ ಇಲ್ಲ.

ಎರಡನೆಯ ಏಟು ದಿನದ ಲೆಕ್ಕದಲ್ಲಿ. ನಮ್ಮದು ಬಿಡುವಿಲ್ಲದೆ ಸಾಲಾಗಿ ಎಂಟು ದಿನ ನಡೆಯುವ ಪಾಸು. ಜ್ಯೂರಿಕ್‌ಗೆ ಇಳಿದದ್ದು ಸಂಜೆ. ವಿಮಾನ ನಿಲ್ದಾಣದಿಂದ ಊರೊಳಗೆ ಹತ್ತು ಹನ್ನೆರಡು ನಿಮಿಷದ ಪ್ರಯಾಣಕ್ಕೆ ಒಂದು ಇಡೀ ದಿನ ಖರ್ಚಾಯಿತು. ಲೌಟರ್‌ಬ್ರುನ್ನೆನ್‌ನಲ್ಲಿ ಒಂದು ದಿನ ಮಳೆ. ಸುಮಾರು 300 ಮೀಟರ್ ಎತ್ತರದ ಸ್ಟೌಬ್‌ಬಾಖ್ ಜಲಪಾತ ಊರ ಪಕ್ಕದಲ್ಲೇ ಇದ್ದರೂ ಮಂಜಿನಲ್ಲಿ ಮುಳುಗಿ ಹೋಗಿತ್ತು. ಅಮ್ಮನ ಮಂಡಿ ನೋವು ಬೇರೆ. ನಾವು ಕೋಣೆಯಲ್ಲಿ ಕೂತು ಚಟ್ನಿಪುಡಿ ಬ್ರೆಡ್ಡು ತಿಂದೆವು, ಪಾಸು ಒಂದು ದಿನ ತಿಂದಿತು. ಇನ್ನು, ಒಂದು ತಿಂಗಳೊಳಗೆ ಬೇಕಾದ ದಿನಗಳನ್ನು ಆರಿಸಿಕೊಳ್ಳುವ ಫ್ಲೆಕ್ಸ್ ಪಾಸೂ ಇದೆ. ಆದರೆ ಪ್ರತಿ ಪ್ರಯಾಣದ ದಿನವನ್ನೂ ರೈಲು ಹತ್ತುವ ಮೊದಲೇ ಆನ್‌ಲೈನ್‌ನಲ್ಲಿ ನಮೂದಿಸಬೇಕು. ಮರೆತರೆ ಟಿಕೆಟ್ ಇಲ್ಲದವರ ಲೆಕ್ಕ.

ಪಾಸು ಕೆಲಸಕ್ಕೆ ಬಾರದ್ದು ಎಂದರೆ ಸುಳ್ಳಾದೀತು. ಲೂಸರ್ನ್‌ನಿಂದ ವಿಟ್ಸ್‌ನೌವರೆಗೆ ದೋಣಿ, ಅಲ್ಲಿಂದ 1871ರಲ್ಲಿ ಶುರುವಾದ, ಹಲ್ಲುಚಕ್ರ ಹಳಿಯನ್ನು ಕಚ್ಚಿಕೊಂಡು ಏರುವ ರೈಲಿನಲ್ಲಿ ರಿಗಿ ಬೆಟ್ಟ, ಎರಡಕ್ಕೂ ಒಂದು ಪೈಸೆ ಕೊಡಲಿಲ್ಲ. ಆ ದಿನ ಏಜೆಂಟರನ್ನು ಹರಸಿದ್ದೆ ಕೂಡ.

ಕೊನೆಯ ಪೆಟ್ಟು ತ್ಸೆರ್ಮಾಟ್‌ನಲ್ಲಿ ಕಾದಿತ್ತು. ಬೆಟ್ಟಗಳ ನಡುವೆ ಸಾಗುವ ಪ್ರವಾಸಿ ರೈಲು ಗ್ಲೇಸಿಯರ್ ಎಕ್ಸ್‌ಪ್ರೆಸ್ ಹತ್ತಲು ಹೋದರೆ, ಸೀಟು ಕಾಯ್ದಿರಿಸಿದ್ದೀರಾ ಎಂದರು. ಪಾಸಿನಲ್ಲಿ ದರ ಸೇರಿದೆ, ಸೀಟು ಸೇರಿಲ್ಲ; ಅದನ್ನು ಮುಂಗಡವಾಗಿ, ಬೇರೆಯೇ ಹಣ ಕೊಟ್ಟು ಕಾಯ್ದಿರಿಸುವುದು ಕಡ್ಡಾಯ. ಅಂದು ಒಂದು ಸೀಟೂ ಖಾಲಿ ಇರಲಿಲ್ಲ. ಇಂಥದೇ ಇನ್ನೊಂದು ರೈಲು ಬೆರ್ನಿನಾ ಎಕ್ಸ್‌ಪ್ರೆಸ್‌ಗೂ ಇದೇ ನಿಯಮ.

ನನ್ನ ಮುಖ ನೋಡಿದ ನಿಲ್ದಾಣದ ಸಿಬ್ಬಂದಿಯೊಬ್ಬರು ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಬ್ರಿಗ್, ಆಂಡರ್‌ಮಾಟ್, ಡಿಸೆಂಟಿಸ್, ಕೂರ್. ಅದೇ ಹಳಿ, ಅದೇ ಬೆಟ್ಟ, ಸಾಮಾನ್ಯ ಕೆಂಪು ರೈಲು. ಕಾಯ್ದಿರಿಸಬೇಕಿಲ್ಲ, ಪಾಸು ಸಾಕು. ಗಾಡಿ ಬದಲಿಸುತ್ತ ಹೋದೆವು. 2033 ಮೀಟರ್ ಎತ್ತರದ ಓಬರಾಲ್ಪ್ ಬೆಟ್ಟದಾರಿಯ ನೆತ್ತಿಯಲ್ಲಿ, ಸಮುದ್ರವೇ ಇಲ್ಲದ ದೇಶದಲ್ಲಿ, ಒಂದು ಕೆಂಪು ದೀಪಸ್ತಂಭ ನಿಂತಿತ್ತು. ರೈನ್ ನದಿ ಹುಟ್ಟುವುದು ಅದರ ಆಸುಪಾಸಿನಲ್ಲೇ. ಅದು ಕಡಲು ಸೇರುವ ಡಚ್ಚರ ನೆಲದ ದೀಪಸ್ತಂಭದ ಪಡಿಯಚ್ಚಂತೆ ಇದು. ತಲಕಾವೇರಿಯಲ್ಲಿ ಯಾರಾದರೂ ಪೂಂಪುಹಾರಿನ ದೀಪ ನೆಟ್ಟಂತೆ! ಅಮ್ಮ ಕಿಟಕಿಯಿಂದ ಕತ್ತು ತಿರುಗಿಸಲೇ ಇಲ್ಲ.

ಮರುದಿನ ಕೂರ್‌ನಿಂದ ಜ್ಯೂರಿಕ್‌ಗೆ ಮೂರು ಟಿಕೆಟ್ ಕೊಂಡೆವು, ಪಾಸು ಹಿಂದಿನ ದಿನಕ್ಕೇ ಮುಗಿದಿತ್ತು. ಮುಂದಿನ ವರ್ಷ ಹೋಗುವ ತಂಗಿಗೆ ನಾನು ಮೊದಲು ಹೇಳಿದ್ದು, ಯಾವ ದಿನ ಎಲ್ಲಿಂದ ಎಲ್ಲಿಗೆ ಎಂದು ಬರೆದು, ಸ್ವಿಸ್ ರೈಲ್ವೆಯ ತಾಣದಲ್ಲಿ ಪ್ರತಿ ದಾರಿಯ ದರ ನೋಡು, ಆಮೇಲೆ ಪಾಸಿನ ಮಾತು ಎಂದು. ಎರಡೇ ಊರಿನಲ್ಲಿ ತಂಗುವ ಅವಳಿಗೆ ಹಾಫ್ ಫೇರ್ ಕಾರ್ಡೇ ಲಾಭ. ದೂರ ಪ್ರಯಾಣದ ದಿನಗಳಿಗೆ ಒಂದೊಂದೇ ದಿನ ನಡೆಯುವ ಸೇವರ್ ಡೇ ಪಾಸು ಇದೆ, ಬೇಗ ಕೊಂಡಷ್ಟೂ ಅಗ್ಗ.

ಊರಿಗೆ ಬಂದು ಏಜೆಂಟರಿಗೆ ಫೋನ್ ಮಾಡಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, “ಮುಂದಿನ ಸಲ ಹದಿನೈದು ದಿನದ ಪಾಸು ತೆಗೆದುಕೊಂಡುಬಿಡಿ ಸಾರ್” ಎಂದರು.