ಬೀಟಲ್ 200 ಮಿ.ಮೀ. ಕ್ಲಚ್ ಕಿಟ್: ಮಾಲು ಗಟ್ಟಿ, ಆದರೆ ಗಾಡಿಯ ಇಸವಿ ನೋಡಿ ತಗೊಳ್ಳಿ

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಗೇರ್ ಕರಕರ ಅಂದ ತಕ್ಷಣ ಕಿಟ್ ತರಿಸಬೇಡಿ. ಮೊದಲು ಕ್ಲಚ್ ಪೆಡಲ್ ಆಟ (ಬಿಗಿ ಹಿಡಿಯುವ ಮುಂಚೆ ಅದು ಸಡಿಲವಾಗಿ ಚಲಿಸುವ ದೂರ) ನೋಡಿ: 10ರಿಂದ 20 ಮಿ.ಮೀ. ಇರಬೇಕು. ಹೆಚ್ಚಿದ್ದರೆ ಗೇರ್‌ಬಾಕ್ಸ್ ಎಡಬದಿಯಲ್ಲಿ ಕ್ಲಚ್ ಕೇಬಲ್ ತುದಿಯ ಚಿಟ್ಟೆ ನಟ್ಟು ಬಿಗಿ ಮಾಡಿದರೆ ಸಾಕು. ಅದಕ್ಕೂ ಬಗ್ಗದಿದ್ದರೆ ಕ್ಲಚ್ ಪ್ಲೇಟು ತುಕ್ಕು ಹಿಡಿದು ಫ್ಲೈವ್ಹೀಲ್‌ಗೆ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ) ಅಂಟಿರುತ್ತದೆ. ಹಿಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನವಕ್ಕೆ ಅಡೆ ಕೊಟ್ಟು, ನಾಲ್ಕನೇ ಗೇರಿನಲ್ಲೇ ಎಂಜಿನ್ ಸ್ಟಾರ್ಟ್ ಮಾಡಿ. ಬಿಸಿಯಾದ ಮೇಲೆ ಕ್ಲಚ್ ಪೂರ್ತಿ ಒತ್ತಿ ಹಿಡಿದು ಬ್ರೇಕ್ ಒತ್ತೊತ್ತಿ ಬಿಡಿ. ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ.

ಬಿಡಲಿಲ್ಲವೆಂದರೆ ಈ ಕಿಟ್. ಪ್ಲೇಟು, ಅದನ್ನು ಫ್ಲೈವ್ಹೀಲ್‌ಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟು, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಇವೆ. ಪ್ಲೇಟು ಗೇರ್‌ಬಾಕ್ಸ್ ಶಾಫ್ಟಿನ ಮೇಲೆ ಸಲೀಸಾಗಿ ಜಾರುತ್ತದೆ, ಅಲುಗಾಟವಿಲ್ಲ. ಪ್ರೆಷರ್ ಪ್ಲೇಟಿಗೆ ಬಳಿದ ಎಣ್ಣೆಯನ್ನು ಪೆಟ್ರೋಲಿನಲ್ಲಿ ಒರೆಸಿಯೇ ಹಾಕಿ, ಇಲ್ಲದಿದ್ದರೆ ಹೊಸ ಕ್ಲಚ್ ಮೊದಲ ದಿನವೇ ಜಾರುತ್ತದೆ. ನನ್ನ ತಕರಾರು ಡಬ್ಬಿಯ ಮೇಲಿನ ಬರಹದ್ದು. 1970ರವರೆಗಿನ ಗಾಡಿಗಳ ಪ್ರೆಷರ್ ಪ್ಲೇಟಿನ ನಡುವೆ ಉಂಗುರವಿರಬೇಕು. 1971ರ ಮಾಡೆಲ್‌ನಿಂದ ಬೇರಿಂಗ್ ಒಂದು ಕೊಳವೆಯ ಮೇಲೆ ಜಾರುವುದರಿಂದ ಉಂಗುರ ಬೇಡ. ಡಬ್ಬಿಯಲ್ಲಿ ಬರೆದಿರುವುದು "200 ಮಿ.ಮೀ." ಅಷ್ಟೇ. ಅದಲುಬದಲಾದರೆ ಬೇರಿಂಗ್ ಬೇಗ ಸವೆದುಹೋಗುತ್ತದೆ.

ಕಿಟ್ ಹಾಕಲು ಎಂಜಿನ್ ಇಳಿಸುವುದು ದೊಡ್ಡ ಕೆಲಸವಲ್ಲ, ಗೇರ್‌ಬಾಕ್ಸಿಗೆ ಹಿಡಿದಿರುವುದು ನಾಲ್ಕೇ ಕಡೆ. ಹೇಗೂ ಇಳಿಸಿದ್ದೀರಿ, ಫ್ಲೈವ್ಹೀಲ್ ಹಿಂದಿನ ಆಯಿಲ್ ಸೀಲನ್ನೂ ಬದಲಿಸಿ. ನಿಂತ ಗಾಡಿಯಲ್ಲಿ ಅದರ ರಬ್ಬರು ಕಲ್ಲಾಗಿರುತ್ತದೆ, ಸೋರಿದರೆ ಹೊಸ ಪ್ಲೇಟು ಎಣ್ಣೆ ಕುಡಿಯುತ್ತದೆ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ, 25 ನ್ಯೂಟನ್ ಮೀಟರ್‌ವರೆಗೆ ಬಿಗಿ ಮಾಡಿ.

ಜೊತೆಗೇ ಗೇರ್‌ಬಾಕ್ಸ್ ಆಯಿಲನ್ನೂ ಬದಲಿಸುವುದಾದರೆ, ಹಳೆಯದನ್ನು ಇಳಿಸುವ ಮುಂಚೆ ಪಕ್ಕದ ತುಂಬುವ ಪ್ಲಗ್ (17 ಮಿ.ಮೀ. ಆಲನ್ ಕೀ) ಬಿಚ್ಚಿಕೊಂಡು ನೋಡಿ. ಅದೇ ಜಾಮ್ ಆಗಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ! ಜಿಎಲ್-4 ದರ್ಜೆಯ 80ಡಬ್ಲ್ಯೂ-90 ಆಯಿಲ್ ಸುಮಾರು ಎರಡೂವರೆ ಲೀಟರ್ ಹಿಡಿಯುತ್ತದೆ. ಒಂದೇ ಸಲ ಸುರಿದರೆ ತುಂಬದೆಯೇ ಹೊರಗೆ ಉಕ್ಕುತ್ತದೆ, ತಡೆತಡೆದು ಹಾಕಿ.

ಇಷ್ಟಾದ ಮೇಲೂ ಗೇರ್ ಕಡ್ಡಿ ಸಡಿಲವಾಗಿ ಓಲಾಡಿದರೆ ಹಿಂದಿನ ಸೀಟಿನ ಕೆಳಗಿನ ಮುಚ್ಚಳ ತೆಗೆಯಿರಿ. ಗೇರ್ ಕಡ್ಡಿಯ ಚಲನೆಯನ್ನು ಗೇರ್‌ಬಾಕ್ಸಿಗೆ ಜೋಡಿಸುವ ಅಲ್ಲಿನ ಕಪ್ಲಿಂಗ್ ಬುಶ್ ಪುಡಿಯಾಗಿರುತ್ತದೆ. ಅದು ಈ ಕಿಟ್‌ನಲ್ಲಿ ಬರುವುದಿಲ್ಲ, ಬೇರೆಯಾಗಿ ತರಿಸಬೇಕು.