ಬೋರ್ಡು ಹಳೇದು, ಮಾಲೀಕರು ಹೊಸಬರು: ಅಡ್ಮಿಟ್ ಮಾಡೋ ಮುಂಚೆ ವಿಚಾರಿಸಿ

ನಮ್ಮ ಏರಿಯಾದ ಹಳೇ ಆಸ್ಪತ್ರೆಯನ್ನು ದೊಡ್ಡ ಕಾರ್ಪೊರೇಟ್ ಗುಂಪೊಂದು ಕೊಂಡುಕೊಂಡಿದೆ. ನಾವು ಕೊಟ್ಟ ದೂರಿನ ವಿಚಾರಣೆ ಇನ್ನೂ ನಡೀತಿರೋದರಿಂದ ಹೆಸರು ಹಾಕ್ತಿಲ್ಲ. ಬೋರ್ಡು ಅದೇ, ಸರ್ಜನ್ನೂ ಅವರೇ. ಬಿಲ್ಲು ಮಾಡುವ ರೀತಿ ಮಾತ್ರ ಪೂರ್ತಿ ಬದಲಾಗಿದೆ.

ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಇಬ್ಬರು ಹಂಚಿಕೊಳ್ಳೋ ರೂಮು ಖಾಲಿಯಿಲ್ಲ ಅಂತ ಸಿಂಗಲ್ ರೂಮು ಕೊಟ್ಟರು. ಹೆಚ್ಚೆಂದರೆ ಬಾಡಿಗೆ ಜಾಸ್ತಿಯಾಗುತ್ತೆ ಅಂತೀರಾ? ಇಲ್ಲ. ಮೊದಲು ಅಲ್ಲಿ ಯಾವ ರೂಮಾದರೂ ಆಪರೇಷನ್‌ಗೆ ಒಂದೇ ದರ ಇತ್ತು. ಈಗ ಸರ್ಜನ್ ಫೀಸು, ಅರಿವಳಿಕೆ, ಥಿಯೇಟರ್ ಚಾರ್ಜು ಎಲ್ಲವೂ ರೂಮಿನ ದರ್ಜೆ ನೋಡಿಕೊಂಡು ಏರುತ್ತವೆ. ಅದೇ ಟೇಬಲ್ಲು, ಅದೇ ಕಲ್ಲು!

ಇನ್ಶೂರೆನ್ಸ್‌ನಲ್ಲಿ ಎರಡನೇ ಏಟು. ಪಾಲಿಸಿಯಲ್ಲಿ ರೂಮಿನ ಬಾಡಿಗೆಗೆ ದಿನಕ್ಕೆ 4,000 ರೂಪಾಯಿ ಮಿತಿ ಇದ್ದು ರೂಮು 8,000 ಆದರೆ, ಕಂಪನಿ ಬೇರೆ ಖರ್ಚುಗಳನ್ನೂ ಅದೇ ಲೆಕ್ಕದಲ್ಲಿ ಕಡಿತ ಮಾಡುತ್ತೆ; ಬಾಡಿಗೆಯ ಜೊತೆಗೆ ಸರ್ಜನ್ ಫೀಸು, ಥಿಯೇಟರ್ ಚಾರ್ಜಿನಲ್ಲೂ ಅರ್ಧ ನಿಮ್ಮ ತಲೆಗೇ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2020ರಲ್ಲಿ ತಂದ ನಿಯಮದ ಪ್ರಕಾರ ಔಷಧಿ, ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನ), ಪರೀಕ್ಷೆಗಳ ಮೇಲೆ ಈ ಕಡಿತ ಹಾಕುವಂತಿಲ್ಲ. ನಮಗೆ ಅದರಲ್ಲೂ ಹಾಕಿದ್ದರು, ಜಗಳ ಆಡಿ ಬಿಡಿಸಿಕೊಂಡೆವು. ರೂಮು ನೋಡಿ ದರ ಬದಲಿಸದ ಆಸ್ಪತ್ರೆಯಲ್ಲಾದರೆ ಈ ಕಡಿತಕ್ಕೇ ಅವಕಾಶವಿಲ್ಲ. ಅಂದರೆ ಮಾಲೀಕರು ಬದಲಾದದ್ದಕ್ಕೆ ನಾವು ಎರಡೆರಡು ಸಲ ದುಡ್ಡು ಕಟ್ಟಿದ ಹಾಗಾಯಿತು.

ಆರೈಕೆಯಾದರೂ ಸುಧಾರಿಸಿತೇ? ಹಳೇ ಸಿಸ್ಟರ್‌ಗಳು ಬಹುತೇಕ ಬಿಟ್ಟು ಹೋಗಿದ್ದಾರೆ. ರಾತ್ರಿ ಬೆಲ್ ಒತ್ತಿದರೆ ಬರೋರೇ ಇಲ್ಲ. ಲಾಬಿಯಲ್ಲಿ ಕಾಫಿ ಶಾಪ್ ಮಾತ್ರ ಚೆನ್ನಾಗಿದೆ. ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ ಹತ್ತಿರದ ಇನ್ನೊಂದು ಆಸ್ಪತ್ರೆಗೆ ಹೋದರೆ, ಅದೂ ಅದೇ ಗುಂಪಿನದು.

ಗ್ಲೌಸು, ಸಿರಿಂಜುಗಳ ಪಟ್ಟಿಯನ್ನೂ ಕಣ್ಣಿಟ್ಟು ನೋಡಿ. 2018ರಲ್ಲಿ ಔಷಧ ಬೆಲೆ ಪ್ರಾಧಿಕಾರ ದೆಹಲಿ ಸುತ್ತಮುತ್ತಲ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ತೆಗೆದು ನೋಡಿದಾಗ ಲಾಭ 1,737%ವರೆಗೂ ಇತ್ತು. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್ ಬೆಲೆಗೆ 2017ರಿಂದ ಮಿತಿ ಇದೆ. ಥಿಯೇಟರ್ ಚಾರ್ಜಿಗೆ ಅಂಥದ್ದೇನೂ ಇಲ್ಲ.

ಹಾಗಾಗಿ ಸಹಿ ಹಾಕೋ ಮುಂಚೆ ಒಂದೇ ಪ್ರಶ್ನೆ ಕೇಳಿ: ರೂಮು ಬದಲಾದರೆ ಆಪರೇಷನ್ ದರವೂ ಬದಲಾಗುತ್ತಾ? ಅಂದಾಜು ವೆಚ್ಚವನ್ನು ಬರೆಸಿಕೊಳ್ಳಿ. ಕೇಳಿದ ರೂಮು ಇಲ್ಲ ಅಂದರೆ ಅದನ್ನೂ ಬರೆದುಕೊಡಲು ಹೇಳಿ. ಬಿಡಿಬಿಡಿ ಬಿಲ್ಲು ಕೊಡದಿದ್ದರೆ ಖಾಸಗಿ ಆಸ್ಪತ್ರೆಗಳಿಗಾಗಿ ಇರುವ ಕರ್ನಾಟಕದ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ನಾವು ಕೊಟ್ಟಿರೋದೂ ಅಲ್ಲೇ.